ಲಿಯಾನಿನಲ್ಲಿ ರೇಷ್ಮೆ ಮಗ್ಗ ಹುಡುಕುವ ಬಗೆ

ಮುಂಬಯಿಯಿಂದ ಫ್ರಾನ್ಸಿಗೆ ಹೊರಟವರು ಪ್ಯಾರಿಸಿನಲ್ಲಿ ನಾಲ್ಕು ದಿನ ಸುತ್ತಿ ನೇರ ಸ್ವಿಟ್ಜರ್ಲೆಂಡಿಗೆ ನಡೆದುಬಿಡುವುದು ವಾಡಿಕೆ. ಇಳಕಲ್ಲಿನ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿ ನೂಲಿನ ಗುಣ ಹೇಳುವವರು ಮನೆಯಲ್ಲಿದ್ದರೆ, ನಡುವೆ ರೇಷ್ಮೆ ನೇಯ್ಗೆಗೆ ಹೆಸರಾದ ಲಿಯಾನಿಗೆ ಎರಡು ಹಗಲು ತೆಗೆದಿಡಿ. ಆದರೆ ಮಗ್ಗ ಹುಡುಕುತ್ತ ಬೀದಿ ಅಲೆದರೆ ಸಿಗುವುದು ಸ್ಕಾರ್ಫ್ ಅಂಗಡಿಗಳೇ. ದಾದರಿನಲ್ಲಿ 'ಹ್ಯಾಂಡ್‌ಲೂಮ್' ಎಂಬ ಬೋರ್ಡನ್ನು ನಂಬದವರು ಅಲ್ಲಿಯೂ ಅಷ್ಟೇ ಹುಷಾರಾಗಿರಬೇಕು.

ಮೊದಲು ನಾಲ್ಕು ಮಾತು ಕಲಿತಿಟ್ಟುಕೊಳ್ಳಿ. 'ಸ್ವಾರಿ' ಎಂದರೆ ರೇಷ್ಮೆ ಸರಕು. ಆ ಬೋರ್ಡಿನ ಹಿಂದೆ ಮಗ್ಗ ಇರಲೇಬೇಕೆಂದಿಲ್ಲ. 'ತಿಸಾಜ್' ಎಂದರೆ ನೇಯ್ಗೆ. 'ಮೆತಿಯೇ ಆ ಬ್ರಾ' ಎಂದರೆ ಕೈಮಗ್ಗ. 'ಆಂಪ್ರೆಸ್ಯೋಂ' ಎಂದರೆ ಅಚ್ಚು ಹಾಕುವುದು. ತೆರೋ ಚೌಕದ ಹತ್ತಿರ, ರೊಮಾರಾಂ ಬೀದಿಯಲ್ಲಿರುವ ಹೆಸರುವಾಸಿ 'ಅತೆಲಿಯೇ ದ ಸ್ವಾರಿ' ಈ ಕೊನೆಯ ಜಾತಿಯದು. ಅಲ್ಲಿ ಪರದೆಯ ಚೌಕಟ್ಟಿನಿಂದ ರೇಷ್ಮೆಯ ಮೇಲೆ ಬಣ್ಣ ಒತ್ತುವುದನ್ನು ನೋಡಬಹುದು. ನೋಡತಕ್ಕದ್ದೇ, ಆದರೆ ಅದನ್ನು ನೇಯ್ಗೆ ಎಂದುಕೊಂಡು ಹಿಂತಿರುಗಬೇಡಿ.

ಆಗಸ್ಟಿನಲ್ಲಿ ಹೋಗಲೇಬೇಡಿ, ಫ್ರಾನ್ಸಿನ ಸಣ್ಣ ಕಾರ್ಖಾನೆಗಳು ಬಹಳಷ್ಟು ರಜೆಯಲ್ಲಿರುತ್ತವೆ. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದ ಪರಂಪರೆ ದಿನಗಳು ಮತ್ತು ವಸಂತದ ಕುಶಲಕರ್ಮ ದಿನಗಳಲ್ಲಿ ಬೇರೆ ಹೊತ್ತಿನಲ್ಲಿ ಮುಚ್ಚಿರುವ ಕೆಲವು ಬಾಗಿಲುಗಳೂ ತೆರೆಯುತ್ತವೆ. ನವೆಂಬರಿನಲ್ಲಿ ಊರಿನಲ್ಲೇ ರೇಷ್ಮೆ ಹಬ್ಬ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. 30,000 ಯೂರೋ ವಿಮೆ ಕಡ್ಡಾಯ.

ಪ್ಯಾರಿಸಿನ 'ಗಾರ್ ದ ಲಿಯೋಂ' ನಿಲ್ದಾಣದಿಂದ ವೇಗದ ರೈಲಿನಲ್ಲಿ ಎರಡು ಗಂಟೆ. ಲಿಯಾನಿನ ಪಾರ್-ದ್ಯೂ ನಿಲ್ದಾಣದಲ್ಲಿ ಇಳಿದು ಬಿ ಮೆಟ್ರೋದಲ್ಲಿ ಶಾರ್ಪೆನ್, ಅಲ್ಲಿಂದ ಎ ಮೆಟ್ರೋದಲ್ಲಿ ಒತೆಲ್ ದ ವೀಲ್, ಆಮೇಲೆ ಹಲ್ಲುಹಳಿಯ ಮೇಲೆ ಗುಡ್ಡ ಹತ್ತುವ ಸಿ ಮೆಟ್ರೋ. ಕ್ರುವಾ-ರೂಸ್‌ನಲ್ಲಿ ಇಳಿಯಿರಿ. ರೇಷ್ಮೆ ನೇಕಾರರಿಗೆ, ಅಂದರೆ ಊರಿನವರು 'ಕನ್ಯು' ಎಂದು ಕರೆಯುತ್ತಿದ್ದವರಿಗೆ, ಈ ಗುಡ್ಡವೇ ತವರು. 1831 ಮತ್ತು 1834ರಲ್ಲಿ ಕೂಲಿಗಾಗಿ ದಂಗೆ ಎದ್ದವರು ಇವರೇ. ತಲೆಯೆತ್ತಿ ಕಿಟಕಿಗಳನ್ನು ನೋಡಿ: ಉದ್ದುದ್ದ, ಒಂದರ ಪಕ್ಕ ಒಂದು. ತೂತು ಕೊರೆದ ಕಾರ್ಡುಗಳ ಸರಣಿಯಿಂದ ಚಿತ್ತಾರ ನೇಯುವ ಜಕಾರ್ಡ್ ಮಗ್ಗ ನಿಲ್ಲಲು ಸುಮಾರು 4 ಮೀಟರ್ ಎತ್ತರ ಬೇಕು, ಬೆಳಕೂ ಬೇಕು. ಹಾಗಾಗಿ ಮನೆಯನ್ನು ಮಗ್ಗದ ಅಳತೆಗೇ ಕಟ್ಟಿದರು. ಇಂಥ ಕಿಟಕಿ ಕಂಡಲ್ಲೆಲ್ಲ ಮಗ್ಗ ಇದೆಯೆಂದು ಬಾಗಿಲು ತಟ್ಟಬೇಡಿ, ಈಗ ಅಲ್ಲಿ ಸಂಸಾರಗಳಿವೆ.

ನಡೆಯುವ ಮಗ್ಗ ಖಾತ್ರಿಯಾಗಿ ನೋಡಲು ದೀವ್ರೀ ಬೀದಿಯ 'ಮೇಜೋಂ ದೆ ಕನ್ಯು'ಗೆ ಹೋಗಿ. ಅಲ್ಲಿನ ಅಂಗಡಿಗೆ ಹಾಗೇ ನುಗ್ಗಬಹುದು, ಮಗ್ಗ ನಡೆಸಿ ತೋರಿಸುವುದು ಮಾತ್ರ ಗೊತ್ತಾದ ಹೊತ್ತಿನ ಪ್ರವಾಸದಲ್ಲಿ. ಮುಂಗಡ ಟಿಕೆಟ್ ಮಾಡಿಸಿ, ಇಂಗ್ಲಿಷಿನಲ್ಲಿ ಇದೆಯೇ ಎಂದು ಆಗಲೇ ಕೇಳಿಬಿಡಿ. ಭಾನುವಾರ ನೆಚ್ಚಿಕೊಳ್ಳಬೇಡಿ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ, ರಿಶಾಂ ಬೀದಿಯಲ್ಲಿ, 1993ರಲ್ಲಿ ಹುಟ್ಟಿದ 'ಸ್ವಾರಿ ವಿವಾಂತ್' ಸಂಘ ಹಳೆಯ ಪಟ್ಟಿ–ಅಂಚು ನೇಯುವ ಮನೆಮಗ್ಗವನ್ನು ಇದ್ದಂತೆಯೇ ಉಳಿಸಿದೆ. ನಮ್ಮ ಅಭಿಪ್ರಾಯ ಕೇಳಿದರೆ ಒಂದೇ ಹೊತ್ತು ಸಿಕ್ಕವರು ಇದನ್ನು ಬಿಡಬಾರದು: ಮನೆ, ಮಗ್ಗ ಒಂದೇ ಕೋಣೆಯಲ್ಲಿ ಹೇಗೆ ಬಾಳಿದವು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಎಲ್ಲ ದಿನವೂ ತೆರೆದಿರುವುದಿಲ್ಲ. 1752ರಷ್ಟು ಹಳೆಯದಾದ 'ಪ್ರೆಲ್' ಇಂದಿಗೂ ಇದೇ ಗುಡ್ಡದಲ್ಲಿ ನೇಯುತ್ತದೆ. ಆದರೆ ಅದು ದುಡಿಯುವ ಕಾರ್ಖಾನೆ, ಕರೆಯದೆ ಹೋದವರಿಗೆ ಒಳಗೆ ಜಾಗವಿಲ್ಲ.

ಒಳಗೆ ಹೋದಾಗ ಮೊದಲ ಮಾತು 'ಬೊಂಜೂರ್'. ಅದಿಲ್ಲದೆ ಪ್ರಶ್ನೆ ಕೇಳಿದರೆ ಮುಖ ಬಿಗಿಯುತ್ತದೆ. ಫೋಟೋಗೆ ಅನುಮತಿ ಕೇಳಿ; ವಿನ್ಯಾಸ ಅವರ ಬಂಡವಾಳ. ಮಗ್ಗದ ಮೇಲ್ಭಾಗ ನೋಡಿ: ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಒಳಹೋಗುತ್ತದೆ, ಕೊಕ್ಕೆ ಹಾಸಿನ (ಉದ್ದಕ್ಕೆ ಬಿಗಿದ) ಎಳೆಯನ್ನು ಎತ್ತುತ್ತದೆ, ತೂತಿಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಹಾಯ್ದರೆ ಒಂದು ಕಾರ್ಡು ಮುಗಿಯಿತು. ಕಾರ್ಡಿನ ಸರಣಿ ಒಂದು ಕಡೆ ತಪ್ಪಿದರೂ ಹೂವು ಅಲ್ಲೇ ಒಡೆಯುತ್ತದೆ. ಹೊರಡುವ ಮುನ್ನ ಮನ್ಮಾಡಿನಲ್ಲಿ ಇಳಿದು ಯೇವಲಾದ ಪೈಠಣಿ ಸೀರೆಯ ಮಗ್ಗ ನೋಡಿದ್ದರೆ ಎರಡರ ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಹಿಡಿಯುತ್ತದೆ. ಅಲ್ಲಿ ಸೆರಗಿನ ನವಿಲಿಗೆ ನೇಕಾರರ ಬೆರಳೇ ಎಳೆ ಎಣಿಸುತ್ತದೆ. ಕೈಯಲ್ಲಿ ನೇಯುವ ಹೂವಿನ ಮಖಮಲ್ ದಿನಕ್ಕೆ ಕೆಲವೇ ಸೆಂಟಿಮೀಟರ್ ಸಾಗುತ್ತದೆ ಎಂದು ತಿಳಿದರೆ ಬೆಲೆ ಕೇಳಿ ಹುಬ್ಬೇರಿಸುವುದು ನಿಲ್ಲುತ್ತದೆ.

ಕೊಳ್ಳುವುದಾದರೆ ಲೇಬಲ್ ತಿರುಗಿಸಿ ಓದಿ. 'ತಿಸೇ ಆ ಲಿಯೋಂ' ಇದ್ದರೆ ಅಲ್ಲಿ ನೇಯ್ದದ್ದು. 'ಆಂಪ್ರಿಮೇ ಆ ಲಿಯೋಂ' ಅಂದರೆ ಅಚ್ಚು ಮಾತ್ರ ಅಲ್ಲಿನದು, ಬಟ್ಟೆ ಎಲ್ಲಿನದೋ. 'ದೆಸಿನೇ' ಅಂದರೆ ಚಿತ್ರ ಬರೆದದ್ದಷ್ಟೇ. ಶೇ. 100 'ಸ್ವಾ' ಎಂದಿಲ್ಲದಿದ್ದರೆ ಪಾಲಿಯೆಸ್ಟರ್ ಇರಬಹುದು. ಕೈಯಲ್ಲಿ ಸುತ್ತಿ ಹೊಲಿದ ಅಂಚು ಉಬ್ಬಿ ದುಂಡಗಿರುತ್ತದೆ, ಯಂತ್ರದ್ದು ಚಪ್ಪಟೆ.

ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿದರೆ ಪಾಸ್‌ಪೋರ್ಟ್ ತೋರಿಸಿ 'ದೆತಾಕ್ಸ್', ಅಂದರೆ ತೆರಿಗೆ ವಾಪಸಾತಿಯ ಚೀಟಿ ಕೇಳಿ. ನೇರ ಮುಂಬಯಿ ವಿಮಾನ ಹತ್ತುವವರು ಪ್ಯಾರಿಸ್ ವಿಮಾನ ನಿಲ್ದಾಣದ 'ಪಾಬ್ಲೋ' ಯಂತ್ರದಲ್ಲಿ, ಚೀಲ ಚೆಕ್‌ಇನ್ ಮಾಡುವ ಮುಂಚೆಯೇ, ಅದನ್ನು ಓದಿಸಬೇಕು. ಕಸ್ಟಮ್ಸ್ ಅಧಿಕಾರಿ ಬಟ್ಟೆ ತೋರಿಸಿ ಎಂದಾಗ ಅದು ಕೈಯಲ್ಲಿರಬೇಕಲ್ಲ. ಮಖಮಲನ್ನು ಮಡಿಸದೆ ಸುರುಳಿ ಸುತ್ತಿ ಇಡಿ. ಮಡಿಕೆಯ ಗೆರೆ ಬಿದ್ದರೆ ಇಸ್ತ್ರಿಗೂ ಜಗ್ಗುವುದಿಲ್ಲ.