ನಿಂತ ಲಾರಿಗೆ ಗುದ್ದಿದವನ ಕ್ಲೇಮ್ ಕೇಸು: ಸಾಕ್ಷ್ಯ ಕೂಡಿಸಿದ ಬಗೆ

ಹಿರಿಯೂರು, ಚಿತ್ರದುರ್ಗದ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸಿನಲ್ಲಿ ವಕೀಲಿಕೆ ಮಾಡುವವರ ಕಪಾಟಿನಲ್ಲಿ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕಡತಗಳಿಗೆ ಬರವಿಲ್ಲ. ಅದರಲ್ಲೂ ನನಗೆ ಹೆಚ್ಚು ಕೆಲಸ ಕೊಡುವುದು ಓಡುವ ಲಾರಿಯಲ್ಲ, ನಿಂತ ಲಾರಿ. ಅರ್ಧ ಡಾಂಬರಿನ ಮೇಲೆ, ಅರ್ಧ ಮಣ್ಣಿನ ಮೇಲೆ ಗಾಡಿ ನಿಲ್ಲಿಸಿ, ದೀಪ ಆರಿಸಿ ಡ್ರೈವರ್ ಕ್ಯಾಬಿನ್‌ನಲ್ಲಿ ಮಲಗಿರುತ್ತಾನೆ. ಹಿಂದಿನಿಂದ ಬೈಕ್ ಹೋಗಿ ಗುದ್ದುತ್ತದೆ. ಓಡುವ ಲಾರಿ ಗುದ್ದಿದರೆ ತಪ್ಪು ಯಾರದೆಂದು ಜನಕ್ಕೂ ಗೊತ್ತು, ಪೊಲೀಸರಿಗೂ ಗೊತ್ತು. ಇಲ್ಲಿ ಮಾತ್ರ ವಿಮಾ ಕಂಪನಿಯ ಆಕ್ಷೇಪಣೆ ಒಂದೇ ಸಾಲಿನಲ್ಲಿ ಬರುತ್ತದೆ: ನಿಂತಿದ್ದ ಗಾಡಿಗೆ ತಾನಾಗಿ ಬಂದು ಗುದ್ದಿದ್ದಾನೆ.

ನಾನು ಹೇಳಹೊರಟಿರುವ ಕೇಸು ಗಾರೆ ಕೆಲಸದ ಒಬ್ಬ ಹುಡುಗನದು. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಆದದ್ದು. ಬಲಗಾಲು ಮೊಣಕಾಲಿನ ಕೆಳಗೆ ಮುರಿದು, ಒಳಗೆ ರಾಡ್ ಹಾಕಿದ್ದರು. ನನ್ನ ಬಳಿ ಬಂದದ್ದು ಅವನ ಸೋದರಮಾವ, ಪ್ಲಾಸ್ಟಿಕ್ ಕವರ್ ತುಂಬ ಔಷಧಿ ಬಿಲ್ಲು ಹಿಡಿದುಕೊಂಡು. ಬಿಲ್ಲು ಎಲ್ಲಿಗೂ ಹೋಗುವುದಿಲ್ಲ, ಕಳೆದರೆ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ನಕಲು ಸಿಕ್ಕೀತು. ನಾನು ಮೊದಲು ಕೇಳಿದ್ದು ಫೋನು. "ಆ ರಾತ್ರಿ ಅಲ್ಲಿ ಯಾರಾದ್ರೂ ಫೋಟೊ ತೆಗೆದಿದ್ರಾ?" ಅಂದೆ. "ಪಂಕ್ಚರ್ ಅಂಗಡಿ ಹುಡುಗ ತೆಗ್ದಿದ್ನಂತೆ ಸಾರ್, ವಾಟ್ಸಾಪಲ್ಲಿ ಓಡಾಡ್ತಿತ್ತು" ಅಂದರು.

ವಾಟ್ಸಾಪಿನಲ್ಲಿ ಬಂದ ಫೋಟೊ ಕೋರ್ಟಿಗೆ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಸಾಗಿ ಬರುವಾಗ ಅದರೊಳಗಿನ ಸಮಯ, ಸ್ಥಳದ ವಿವರ ಅಳಿಸಿಹೋಗಿರುತ್ತದೆ. ತೆಗೆದವನ ಫೋನಿನಲ್ಲಿರುವ ಮೂಲ ಫೈಲೇ ಬೇಕು. ಆ ಹುಡುಗ ಮೊದಲು "ಕೋರ್ಟು ಗೀರ್ಟು ನಂಗ್ಯಾಕೆ ಸಾರ್" ಅಂತ ಹಿಂದೆ ಸರಿದ. ಸೋದರಮಾವ ಅವನ ಮನೆಯ ಹಿರಿಯರನ್ನು ಹಿಡಿದು ಒಪ್ಪಿಸಿದರು. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರವನ್ನು ಆಗಲೇ ಮಾಡಿಸಿಟ್ಟೆ. ಹಳೆಯ ಕಾಯ್ದೆಯ 65-ಬಿ ಇದ್ದ ಜಾಗಕ್ಕೆ ಬಂದದ್ದು ಇದೇ. ಈಗ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ಅದರಲ್ಲಿ ಬರೆಯಬೇಕು, ತಜ್ಞರ ಸಹಿಯೂ ಬೇಕು. ಕ್ಲೇಮ್ ನ್ಯಾಯಮಂಡಳಿ ಸಾಕ್ಷ್ಯದ ಕಟ್ಟುಪಾಡನ್ನು ಸಿವಿಲ್ ದಾವೆಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ನಿಜ. ಆದರೆ ಕಂಪನಿ ವಕೀಲರು ಹಿಡಿಯುತ್ತಾರೆ.

ಆ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಕೇಸಿಗೆ ಜೀವ ಬಂತು. ಫ್ಲ್ಯಾಶ್ ಬೆಳಕಿನಲ್ಲಿ ಲಾರಿಯ ಹಿಂಭಾಗ ಕಾಣುತ್ತಿತ್ತು. ಹೊಳೆಯುವ ಟೇಪಿನ ಮೇಲೆ ಕೆಮ್ಮಣ್ಣು ಮೆತ್ತಿ ಹೊಳಪೇ ಇರಲಿಲ್ಲ. ಎಡಗಡೆಯ ದೀಪದ ಗಾಜು ಹಾಗೇ ಇತ್ತು, ಉರಿಯುತ್ತಿರಲಿಲ್ಲ. ಬಲಗಡೆ ಗಾಜೇ ಇರಲಿಲ್ಲ, ಹೋಲ್ಡರ್ ಬರಿದಾಗಿತ್ತು, ಅದರ ಅಂಚಿಗೆ ತುಕ್ಕು ಹಿಡಿದಿತ್ತು. ಗುದ್ದಿದ ರಭಸಕ್ಕೆ ಒಡೆದ ದೀಪವಾದರೆ ಚೂರಾದರೂ ಕೆಳಗೆ ಬಿದ್ದಿರಬೇಕು. ತುಕ್ಕಂತೂ ಒಂದು ರಾತ್ರಿಯಲ್ಲಿ ಹಿಡಿಯುವಂಥದಲ್ಲ. ಬಲಗಡೆಯ ಹಿಂದಿನ ಚಕ್ರ ರಸ್ತೆ ಅಂಚಿನ ಬಿಳಿ ಗೆರೆಯ ಒಳಗೇ ಇತ್ತು. ಲಾರಿಯ ಹಿಂದೆ ತ್ರಿಕೋನವಿರಲಿ, ಒಂದು ಕಲ್ಲು, ಒಂದು ಸೊಪ್ಪಿನ ಕೊಂಬೆಯೂ ಇರಲಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ 109ನೇ ನಿಯಮದ ಪ್ರಕಾರ, ರಸ್ತೆಯಲ್ಲಿ ನಿಲ್ಲಿಸಿದ ವಾಹನದಲ್ಲೂ ಪಾರ್ಕಿಂಗ್ ದೀಪ ಉರಿಯುತ್ತಿರಬೇಕು, ಹಿಂದುಗಡೆ ಎರಡು ಕೆಂಪು ದೀಪ. ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಅಪಾಯವಾಗುವ ಹಾಗೆ ವಾಹನ ಬಿಟ್ಟುಹೋಗುವುದನ್ನು ನಿಷೇಧಿಸುತ್ತದೆ. ನಡುರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಗ್ಯಾಸ್ ಟ್ಯಾಂಕರಿಗೆ ರಾತ್ರಿ ಕಾರು ಗುದ್ದಿದ ಪ್ರಕರಣದಲ್ಲಿ, ಹೈಕೋರ್ಟು ಅರ್ಧ ತಪ್ಪನ್ನು ಕಾರಿನವನ ಮೇಲೆ ಹೊರಿಸಿದ್ದನ್ನು ಸುಪ್ರೀಂ ಕೋರ್ಟು 2018ರಲ್ಲಿ ತೆಗೆದುಹಾಕಿತು. ಆದರೆ ಆ ತೀರ್ಪಿನ ಪ್ರತಿಯನ್ನಷ್ಟೇ ಲಗತ್ತಿಸಿ ಕೂತರೆ ಏನೂ ಆಗದು. ಅಲ್ಲಿನ ಸಂಗತಿ ನಮ್ಮ ಸಂಗತಿಗೆ ಹೊಂದುತ್ತದೆ ಎಂದು ತೋರಿಸುವುದು ಇಂಥ ಫೋಟೊ, ಸ್ಥಳ ಮಹಜರು ಮತ್ತು ನಕಾಶೆ.

ಪೊಲೀಸ್ ಕಾಗದ ಕೈಗೆ ಬಂದ ಕೂಡಲೇ ಎಲ್ಲವನ್ನೂ ಮೇಜಿನ ಮೇಲೆ ಹರವಿ ಒಂದರ ಪಕ್ಕ ಒಂದಿಟ್ಟು ಓದುವುದು ನನ್ನ ರೂಢಿ: ಎಫ್‌ಐಆರ್, ದೂರು, ಮಹಜರು, ನಕಾಶೆ, ಐಎಂವಿ ವರದಿ (ಮೋಟಾರು ವಾಹನ ನಿರೀಕ್ಷಕರು ಗಾಡಿ ಪರೀಕ್ಷಿಸಿ ಕೊಡುವುದು), ಗಾಯದ ಪ್ರಮಾಣಪತ್ರ. ಕಂಪನಿ ವಕೀಲರು ಯಾವ ಕಾಗದವನ್ನೂ ಸುಳ್ಳೆನ್ನುವುದಿಲ್ಲ. ಒಂದಕ್ಕೊಂದು ತಾಳೆಯಾಗದ ಕಡೆ ಬೆರಳಿಡುತ್ತಾರೆ, ಅಷ್ಟೆ. ಅವರಿಗಿಂತ ಮೊದಲು ಅದು ನನ್ನ ಕಣ್ಣಿಗೆ ಬೀಳಬೇಕು.

ಇಲ್ಲಿ ಬಿದ್ದದ್ದು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಕೇಸಾಗುವಂಥ ಗಾಯಗಳನ್ನು ಬರೆದಿಡುವ ಪುಸ್ತಕದಲ್ಲಿ. ಅಪಘಾತ ಹೇಗಾಯಿತು ಎಂಬ ಕಡೆ "ಬೈಕಿನಿಂದ ಬಿದ್ದು" ಎಂದು ಬರೆದಿತ್ತು, ಲಾರಿಯ ಸುದ್ದಿಯೇ ಇಲ್ಲ. ಎಫ್‌ಐಆರ್‌ನಲ್ಲಿ ಲಾರಿಯ ನಂಬರ್ ಸಮೇತ ಇದೆ. ಇದು ಕಂಪನಿಯವರಿಗೆ ಹಬ್ಬದೂಟ. ತಾನಾಗಿ ಬಿದ್ದವನು ಆಮೇಲೆ ಲಾರಿಯನ್ನು ತಂದು ಸೇರಿಸಿದ್ದಾನೆ ಎನ್ನಲು ಈ ಎರಡು ಪದ ಸಾಕು. ವಿಚಾರಿಸಿದರೆ, ಹುಡುಗನಿಗೆ ಎಚ್ಚರವಿರಲಿಲ್ಲ, ಆಂಬುಲೆನ್ಸಿನ ಜೊತೆ ಬಂದವರು ಯಾರೋ ದಾರಿಹೋಕರು, ಅವರು ಕಂಡದ್ದು ಅವನು ಬಿದ್ದಿರುವುದನ್ನು ಮಾತ್ರ. 108ಕ್ಕೆ ಕರೆ ಹೋದ ಸಮಯ ಮತ್ತು ಸ್ಥಳದ ದಾಖಲೆಯನ್ನು ಅರ್ಜಿ ಕೊಟ್ಟು ಪಡೆದೆವು. ಒಳರೋಗಿ ಕಡತದಲ್ಲಿ ಎಚ್ಚರವಾದ ಮೇಲೆ ವೈದ್ಯರು ಬರೆದುಕೊಂಡ ವಿವರದಲ್ಲಿ ಲಾರಿಯ ಮಾತು ಬಂದಿತ್ತು. ಅದನ್ನು ಬರೀ ಹಾಜರುಪಡಿಸಿದರೆ ಸಾಲದೆಂದು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದವರನ್ನೇ ಸಮನ್ಸ್ ಮಾಡಿಸಿ ಸಾಕ್ಷಿ ಕಟ್ಟೆ ಹತ್ತಿಸಿದೆ. ಅದೇ ರಿಜಿಸ್ಟರಿನಲ್ಲಿ ಮದ್ಯದ ವಾಸನೆಯ ಕಡೆ "ಇಲ್ಲ" ಎಂದಿದ್ದದ್ದು ನಮಗೆ ಬೋನಸ್ಸು.

ಲಾರಿ ಡ್ರೈವರ್ ಪೊಲೀಸರ ಮುಂದೆ ಹೇಳಿದ್ದು ಟೈರ್ ಪಂಕ್ಚರ್ ಆಗಿ ಆಗತಾನೆ ನಿಲ್ಲಿಸಿದ್ದೆ ಎಂದು. ಹಾಗಾದರೆ ಅವನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಲಾರಿ ಮಾಲೀಕರ ಫೋನಿನಲ್ಲೇ. ಮಾಲೀಕರನ್ನು ವೈರಿಯೆಂದು ದೂರ ಇಡುವುದು ನನಗೆ ಸರಿಕಾಣುವುದಿಲ್ಲ. ಪಾಲಿಸಿ ಚಾಲ್ತಿಯಲ್ಲಿದ್ದರೆ ಹಣ ಕಟ್ಟುವುದು ಕಂಪನಿ, ಮಾಲೀಕರಿಗೆ ಬೇಕಾದದ್ದು ತಮ್ಮ ತಲೆಗೆ ಬಾರದಿರುವುದು. ಹೆವಿ ಲೈಸೆನ್ಸ್, ಎಫ್‌ಸಿ (ಗಾಡಿಯ ಅರ್ಹತಾ ಪತ್ರ), ಪರ್ಮಿಟ್ ಇವೆಲ್ಲ ಆ ದಿನಕ್ಕೆ ಚಾಲ್ತಿಯಲ್ಲಿದ್ದವು ಎಂದು ಸಾಬೀತಾಗುವುದು ಅವರಿಗೂ ಬೇಕು, ನಮಗೂ ಬೇಕು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಇವನ್ನು ಮೊದಲೇ ನೋಡಿಕೊಂಡಿದ್ದೆ, ಆದರೂ ಪ್ರತಿಗಳನ್ನು ಕೇಳಲು ಹೋದೆ. ಮಾತಾಡುತ್ತ ಅವರು ಫಾಸ್ಟ್‌ಟ್ಯಾಗ್ ಮೆಸೇಜು ತೋರಿಸಿದರು. ಲಾರಿ ಗುಯಿಲಾಳು ಟೋಲ್ ದಾಟಿದ್ದು ರಾತ್ರಿ ಒಂಬತ್ತೂವರೆಗೆ. 108ಕ್ಕೆ ಕರೆ ಹೋದದ್ದು ಹನ್ನೊಂದೂಮುಕ್ಕಾಲಿಗೆ. ಟೋಲಿನಿಂದ ಆ ಜಾಗಕ್ಕೆ ಎಷ್ಟು ನಿಧಾನ ಹೋದರೂ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಲಾರಿ ಅಲ್ಲೇ ಕತ್ತಲಲ್ಲಿ ನಿಂತಿತ್ತು. ಐಎಂವಿ ವರದಿಯಲ್ಲಿ ಪಂಕ್ಚರಿನ ಪ್ರಸ್ತಾಪವೂ ಇರಲಿಲ್ಲ.

ಟೋಲಿನ ಸಿಸಿಟಿವಿ ದೃಶ್ಯವನ್ನೂ ಕೇಳಿದ್ದೆವು. ಇಂಥ ದೃಶ್ಯ ಕೆಲವೇ ವಾರಗಳಲ್ಲಿ ಅಳಿದು ಅದರ ಮೇಲೆ ಹೊಸದು ಕೂರುತ್ತದೆ, ನಮ್ಮ ಪತ್ರ ತಲುಪುವ ಹೊತ್ತಿಗೆ ಹಾಗೇ ಆಗಿತ್ತು. ಮನೆಯವರು ವಕೀಲರಿಗಾಗಿ ಕಾಯದೆ, ತನಿಖಾಧಿಕಾರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆದಿಟ್ಟರೂ ಅನುಕೂಲ. 2022ರ ಏಪ್ರಿಲ್ 1ರಿಂದ ಬಂದ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಅಂದಿನಿಂದಲೇ ಕ್ಲೇಮ್ ಅರ್ಜಿಗೆ ಆರು ತಿಂಗಳ ಮಿತಿಯೂ ಬಂದಿದೆ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ಆದರೂ ನಾನು ಆರು ತಿಂಗಳನ್ನೇ ಗಡುವೆಂದು ಹಿಡಿಯುತ್ತೇನೆ.

ಇನ್ನು ಅಂಗವೈಕಲ್ಯ. ಮೂಳೆ ವೈದ್ಯರು ಕಾಲಿಗೆ ಶೇ 36 ಎಂದು ಬರೆದರೆ, ನಮ್ಮ ಕಡೆಯ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತವೆ, ಅಂದರೆ ಶೇ 12. ತಿಂಗಳಿಗೆ 15,000 ಆದಾಯ, 28 ವಯಸ್ಸು, ಗುಣಕ (ವರ್ಷದ ನಷ್ಟವನ್ನು ಗುಣಿಸಲು ವಯಸ್ಸಿಗೆ ತಕ್ಕಂತೆ ಇರುವ ಸಂಖ್ಯೆ) 17 ಅಂತ ಇಟ್ಟರೆ ಭವಿಷ್ಯದ ಗಳಿಕೆ ನಷ್ಟ 3,67,200 ರೂಪಾಯಿ. ಅದೇ ದುಡಿಮೆಯ ಸಾಮರ್ಥ್ಯ ಶೇ 20ರಷ್ಟು ಹೋಗಿದೆ ಎಂದು ಸಾಬೀತಾದರೆ 6,12,000. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ಇದು: ಅಂಗ ಎಷ್ಟು ಕೆಟ್ಟಿತು ಎನ್ನುವುದೊಂದೇ ಅಲ್ಲ, ಅವನ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನೋಡಬೇಕು. ಗಾರೆಯವನು ಸಾರವೆ ಹತ್ತಬೇಕು, ಕುಕ್ಕರುಗಾಲಲ್ಲಿ ಕೂತು ನೆಲ ಮಾಡಬೇಕು. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕರೆಸಿ, ಇವನು ಕುಕ್ಕರುಗಾಲಲ್ಲಿ ಕೂರಬಲ್ಲನೇ, ಏಣಿ ಹತ್ತಬಲ್ಲನೇ ಎಂದು ಬಿಡಿಬಿಡಿಯಾಗಿ ಕೇಳಿ ದಾಖಲು ಮಾಡಿಸಿದೆ.

ಆದಾಯಕ್ಕೆ ಮೇಸ್ತ್ರಿಯ ಹಾಜರಿ ಪುಸ್ತಕವಿತ್ತು, ಮೇಸ್ತ್ರಿ ಬಂದು ಸಾಕ್ಷಿಯನ್ನೂ ಹೇಳಿದರು. ಪುಸ್ತಕದಲ್ಲಿ ಸಹಿ ಇಲ್ಲ, ಸೀಲಿಲ್ಲ ಅಂತ ಕಂಪನಿ ವಕೀಲರು ಪಾಟಿ ಸವಾಲಿನಲ್ಲಿ ಅದನ್ನು ಸಾಕಷ್ಟು ಹಿಂಜಿದರು. ಕೊನೆಗೆ ನ್ಯಾಯಮಂಡಳಿ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿರುವ ಆ ವರ್ಷದ ಆದಾಯವನ್ನೇ ಹಿಡಿಯಿತು. ಕೂಲಿಯವರ ಕೇಸಿನಲ್ಲಿ ಹೆಚ್ಚಾಗಿ ಆಗುವುದು ಹೀಗೇ, ಅದಕ್ಕಾಗಿ ನಾನು ಮೇಲ್ಮನವಿಗೆ ಹೋಗಲಿಲ್ಲ. ತಪ್ಪಿನ ವಿಷಯದಲ್ಲಿ ಮಾತ್ರ ಫೋಟೊ ಮತ್ತು ಟೋಲಿನ ಸಮಯ ನಿಂತವು, ಹುಡುಗನದೂ ತಪ್ಪಿದೆಯೆಂದು ಪರಿಹಾರದಲ್ಲಿ ಏನನ್ನೂ ಕಳೆಯಲಿಲ್ಲ. ರಾಡ್ ತೆಗೆಯುವ ಆಪರೇಷನ್ನಿಗೆ ವೈದ್ಯರಿಂದ ಅಂದಾಜು ಪಟ್ಟಿ ಮೊದಲೇ ಬರೆಸಿ ಹಾಕಿದ್ದರಿಂದ ಮುಂದಿನ ಚಿಕಿತ್ಸೆಯ ಬಾಬ್ತೂ ಸಿಕ್ಕಿತು. ಆ ಬಾಬ್ತಿಗೆ ಬಡ್ಡಿ ಬರುವುದಿಲ್ಲ ಎಂದು ಸೋದರಮಾವನಿಗೆ ತಿಳಿಸಿ ಹೇಳಿದೆ.