ಸಿಂತ್-ಪಾಪ್ ರೀಮಿಕ್ಸ್ 12 ಇಂಚು: ಆರಿಸುವುದು, ಪರೀಕ್ಷಿಸುವುದು, ಕಾಪಾಡುವುದು

ಒಂದೇ ಹಾಡು, ಒಂದೇ ಕ್ಯಾಟಲಾಗ್ ಸಂಖ್ಯೆ. ಆದರೆ ಮುಳ್ಳು ಇಟ್ಟರೆ ಕೇಳುವುದು ಬೇರೆಯದೇ ಮಿಕ್ಸ್, ಅಂದರೆ ಆ ಹಾಡಿನ ಬೇರೆಯದೇ ರೂಪ. 1980ರ ದಶಕದ 12 ಇಂಚಿನ ಸಿಂಗಲ್‌ಗಳಲ್ಲಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ 1983ರ 'ರಿಲ್ಯಾಕ್ಸ್'. ಬ್ರಿಟನ್ನಿನ ಜಡ್‌ಟಿಟಿ ಕಂಪನಿ 12ಜಡ್‌ಟಿಎಎಸ್ 1 ಎಂಬ ಸಂಖ್ಯೆಯಲ್ಲಿ ಮೊದಲು 16 ನಿಮಿಷ ದಾಟುವ 'ಸೆಕ್ಸ್ ಮಿಕ್ಸ್' ತಂದಿತು. ಆಮೇಲೆ ಅದನ್ನೇ ಸುಮಾರು ಅರ್ಧಕ್ಕೆ ಕತ್ತರಿಸಿದ ರೂಪ ಬಂತು, ಅದರ ನಂತರ 'ನ್ಯೂಯಾರ್ಕ್ ಮಿಕ್ಸ್'. ಸಂಖ್ಯೆ ಮಾತ್ರ ಬದಲಾಗಲಿಲ್ಲ. ಇವುಗಳನ್ನು ನಂಬಲರ್ಹವಾಗಿ ಬೇರ್ಪಡಿಸುವುದು ರೆಕಾರ್ಡಿನ ಮೇಲೆಯೇ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ. ಹಾಗಾಗಿ ಈ ಸಂಗ್ರಹಕ್ಕೆ ಇಳಿಯುವವರು ಮೊದಲು ಕಲಿಯಬೇಕಾದದ್ದು ಆ ಸಂಖ್ಯೆಯನ್ನು ಓದುವುದನ್ನೇ.

ರನ್‌ಔಟ್ ಓದುವ ಬಗೆ

ಸಂಗೀತದ ಕೊನೆಯ ಗೆರೆಗೂ ಲೇಬಲ್‌ಗೂ ನಡುವೆ ಇರುವ ನುಣುಪಾದ ಪಟ್ಟಿಯೇ ರನ್‌ಔಟ್; ಮ್ಯಾಟ್ರಿಕ್ಸ್ ಸಂಖ್ಯೆ ಇರುವುದು ಇಲ್ಲೇ. ಮೇಲಿನ ದೀಪ ಆರಿಸಿ, ಸಣ್ಣ ಟಾರ್ಚನ್ನು ರೆಕಾರ್ಡಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಕು ಬಿಡಿ. ಕೊರೆದ ಅಕ್ಷರಗಳು ಎದ್ದು ಕಾಣುತ್ತವೆ. ಸಾಮಾನ್ಯವಾಗಿ ಮೊದಲು ಕ್ಯಾಟಲಾಗ್ ಸಂಖ್ಯೆ, ನಂತರ ಎ ಅಥವಾ ಬಿ ಎಂಬ ಬದಿಯ ಗುರುತು, ಅದಕ್ಕೆ ಅಂಟಿಕೊಂಡು 1, 2, 3 ಎಂದು ಲ್ಯಾಕರ್ (ರೆಕಾರ್ಡಿನ ಅಚ್ಚು ತಯಾರಿಸಲು ಮೊದಲು ಕೊರೆಯುವ ಮೂಲ ಡಿಸ್ಕ್) ಕೊರೆತದ ಸಂಖ್ಯೆ ಇರುತ್ತದೆ. ಮಿಕ್ಸ್ ಬದಲಾದರೆ ಹೊಸ ಲ್ಯಾಕರ್ ಕೊರೆಯಲೇಬೇಕು, ಆದ್ದರಿಂದ ಈ ಸಂಖ್ಯೆಯೂ ಬದಲಾಗುತ್ತದೆ. ಇದನ್ನು ತಿರುಗಿಸಿ ಓದಬಾರದು: 2 ಎಂದಿದ್ದ ಮಾತ್ರಕ್ಕೆ ಅದು ನಂತರದ ಮುದ್ರಣ ಎಂದಾಗಲೀ, ಬೇರೆ ಮಿಕ್ಸ್ ಎಂದಾಗಲೀ ಅರ್ಥವಲ್ಲ. ಬೇಡಿಕೆ ಹೆಚ್ಚಿದ್ದ ಸಿಂಗಲ್‌ಗೆ ಬೇರೆ ಬೇರೆ ಕಾರ್ಖಾನೆಗಳಿಗೆಂದು ಒಂದೇ ದಿನ ಹಲವು ಲ್ಯಾಕರ್ ಕೊರೆಯುತ್ತಿದ್ದರು.

ಅಲ್ಲೇ ಲ್ಯಾಕರ್ ಕೊರೆದ ಕಟ್ಟಿಂಗ್ ಎಂಜಿನಿಯರ್‌ನ ರುಜುವೂ ಸಿಗಬಹುದು. 'ಎ ಪೋರ್ಕಿ ಪ್ರೈಮ್ ಕಟ್' ಎಂದಿದ್ದರೆ ಜಾರ್ಜ್ ಪೆಕಮ್. ಅಮೆರಿಕದ ಕ್ಲಬ್ ರೆಕಾರ್ಡುಗಳಲ್ಲಿ 'ಹರ್ಬಿ ಜೂನಿಯರ್' ಎಂದು ನಗುಮುಖದೊಂದಿಗೆ ಇದ್ದರೆ ಹರ್ಬ್ ಪವರ್ಸ್ ಜೂನಿಯರ್. ಇವು ಬರೀ ಅಲಂಕಾರವಲ್ಲ. ಒಂದೇ ಮಿಕ್ಸ್‌ನ ಎರಡು ಕೊರೆತಗಳಲ್ಲಿ ಬಾಸ್‌ನ ಬಿಗಿ, ಧ್ವನಿಯ ಮಟ್ಟ ಬೇರೆಯಾಗಿ ಕೇಳುವುದುಂಟು. ಮಾರುವವರಲ್ಲಿ ಎರಡೂ ಬದಿಯ ರನ್‌ಔಟ್‌ನ ಫೋಟೋ ಕೇಳಿ, ಬರೇ ಲೇಬಲ್‌ನ ಫೋಟೋ ಸಾಲದು.

ಸಂಖ್ಯೆಯ ಹಿಂದುಮುಂದಿನ ಅಕ್ಷರಗಳು

ಕ್ಯಾಟಲಾಗ್ ಸಂಖ್ಯೆಯ ಜೊತೆಗಿರುವ ಅಕ್ಷರಗಳೇ ಅರ್ಧ ಕಥೆ ಹೇಳುತ್ತವೆ. ಡೆಪೆಷ್ ಮೋಡ್‌ಗಾಗಿ ಮ್ಯೂಟ್ ಕಂಪನಿ 1982ರಿಂದ ಬಾಂಗ್ ಎಂಬ ಸರಣಿ ನಡೆಸಿತು. ಅದರಲ್ಲಿ 12ಬಾಂಗ್ ಎಂದರೆ ಸಾಮಾನ್ಯ 12 ಇಂಚು. ಮುಂದೆ ಎಲ್ ಸೇರಿದರೆ ಸೀಮಿತ ಆವೃತ್ತಿ, ಬಹುಮಟ್ಟಿಗೆ ಬೇರೆ ಮಿಕ್ಸ್ ಅಥವಾ ಲೈವ್ ಹಾಡುಗಳು. 1984ರ 'ಮಾಸ್ಟರ್ ಆ್ಯಂಡ್ ಸರ್ವೆಂಟ್' ಹಾಡಿಗೆ ಏಡ್ರಿಯನ್ ಶರ್ವುಡ್ ಮಾಡಿದ ಮಿಕ್ಸ್ ಬೇಕಿದ್ದರೆ ಹುಡುಕಬೇಕಾದದ್ದು ಎಲ್12ಬಾಂಗ್6; 12ಬಾಂಗ್6ರಲ್ಲಿರುವುದು 'ಸ್ಲೇವರಿ ವಿಪ್ ಮಿಕ್ಸ್'. 1990ರ 'ಎಂಜಾಯ್ ದ ಸೈಲೆನ್ಸ್' 12, ಎಲ್12, ಎಕ್ಸ್‌ಎಲ್12 ಎಂದು ಮೂರು ಬಗೆಯಲ್ಲಿ ಬಂತು. ಎಕ್ಸ್‌ಎಲ್‌ನಲ್ಲಿ 15 ನಿಮಿಷ ಮೀರಿದ 'ದ ಕ್ವಾಡ್: ಫೈನಲ್ ಮಿಕ್ಸ್' ಒಂದೇ ಬದಿಗಿದೆ, ಇನ್ನೊಂದು ಬದಿಯಲ್ಲಿ ಹಾಡಿನ ಬದಲು ಚಿತ್ರ ಕೊರೆದಿದ್ದಾರೆ. ಆ ಬದಿಯ ಮೇಲೆ ಮುಳ್ಳು ಇಡಬೇಡಿ.

ಪಾರ್ಲಫೋನ್ ಕಂಪನಿಯ ರೀತಿ ಇನ್ನೂ ಸರಳ: 12ಆರ್ ಮೊದಲ 12 ಇಂಚು, 12ಆರ್‌ಎ ಎರಡನೆಯದು, 10ಆರ್ 10 ಇಂಚು. ಪೆಟ್ ಶಾಪ್ ಬಾಯ್ಸ್‌ನ 'ವೆಸ್ಟ್ ಎಂಡ್ ಗರ್ಲ್ಸ್'ಗೆ ಶೆಪ್ ಪೆಟ್ಟಿಬೋನ್ ಮಾಡಿದ ಮಿಕ್ಸ್ 12ಆರ್‌ಎ 6115ರಲ್ಲಿದೆ. ಅದೇ ಹೆಸರಿನ ಹಾಡು 1984ರಲ್ಲಿ ಬಾಬಿ ಒರ್ಲಾಂಡೋ ನಿರ್ಮಾಣದಲ್ಲೂ ಬಂದಿತ್ತು. 1985ರದ್ದು ಸ್ಟೀಫನ್ ಹೇಗ್ ಜೊತೆ ಹೊಸದಾಗಿ ಧ್ವನಿಮುದ್ರಿಸಿದ್ದು. ಹೆಸರು ನೋಡಿ ಕೊಂಡವರ ಕೈಗೆ ಬೇಡದ್ದು ಸೇರುವುದು ಇಂಥ ಕಡೆ. ವರ್ಜಿನ್ ಕಂಪನಿ 12ನ್ನು ಕೊನೆಗೆ ಇಡುತ್ತಿತ್ತು: ಹ್ಯೂಮನ್ ಲೀಗ್‌ನ 'ಡೋಂಟ್ ಯು ವಾಂಟ್ ಮಿ' ವಿಎಸ್ 466-12.

ಎಲ್ಲಿಂದ ಶುರು ಮಾಡಬೇಕು? ಒಂದು ತಂಡದ ಎಲ್ಲವನ್ನೂ ಕೂಡಿಹಾಕುವುದಕ್ಕಿಂತ ಒಬ್ಬ ರೀಮಿಕ್ಸರ್‌ನನ್ನು ಹಿಡಿದು ಹೋಗುವುದು ಒಳ್ಳೆಯದು. 1982ರಲ್ಲಿ ಯಾಜೂ ತಂಡದ 'ಸಿಚುಯೇಷನ್' ಹಾಡನ್ನು ರೀಮಿಕ್ಸ್ ಮಾಡಿದ ಫ್ರಾನ್ಸುವಾ ಕೆವೋರ್ಕಿಯನ್, ಮೇಲೆ ಹೇಳಿದ ಪೆಟ್ಟಿಬೋನ್, ಶರ್ವುಡ್ ಇವರಲ್ಲಿ ಯಾರ ಜಾಡು ಹಿಡಿದರೂ ಹಲವು ತಂಡಗಳು, ಹಲವು ಕಂಪನಿಗಳು ಒಂದೇ ಎಳೆಯಲ್ಲಿ ಸಿಗುತ್ತವೆ. ಡುರಾನ್ ಡುರಾನ್‌ನ ಮೊದಲ ವರ್ಷಗಳ 'ನೈಟ್ ವರ್ಷನ್'ಗಳನ್ನು ಬೇರೆ ಸಾಲಿನಲ್ಲಿಡಿ. 1981ರ 'ಪ್ಲಾನೆಟ್ ಅರ್ಥ್' ಟೇಪ್ ಕತ್ತರಿಸಿ ಉದ್ದ ಮಾಡಿದ್ದಲ್ಲ, ತಂಡವೇ ಹೊಸ ಜೋಡಣೆಯಲ್ಲಿ ನುಡಿಸಿದ್ದು.

ಸ್ಥಿತಿ ನೋಡುವುದು

ಈ ರೆಕಾರ್ಡುಗಳು ಹುಟ್ಟಿದ್ದೇ ಡಿಜೆಗಳಿಗಾಗಿ. ಆದ್ದರಿಂದ ಎಲ್‌ಪಿಗಳಲ್ಲಿ ಕಾಣದ ಕೆಲವು ಹಾನಿಗಳು ಇಲ್ಲಿ ಮಾಮೂಲು. ಮುಖ್ಯವಾದದ್ದು ಕ್ಯೂ ಬರ್ನ್: ಮೊದಲ ಬೀಟ್ ಹಿಡಿಯಲು ರೆಕಾರ್ಡನ್ನು ಮುಂದೆ ಹಿಂದೆ ತಿರುಗಿಸಿ ತಿರುಗಿಸಿ ಆರಂಭದ ಗೆರೆಗಳು ಸವೆದಿರುತ್ತವೆ. ಬೆಳಕಿನಲ್ಲಿ ಹೊರ ಅಂಚಿನ ಕೆಲವು ಮಿಲಿಮೀಟರ್ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಕೇಳಿದರೆ ಮೊದಲ ಕೆಲವು ಸೆಕೆಂಡು 'ಶ್ಶ್' ಎನ್ನುತ್ತದೆ. ತೊಳೆದರೆ ಹೋಗುವ ಕೊಳೆಯಲ್ಲ ಇದು, ಗೆರೆಯ ಗೋಡೆಯೇ ಸವೆದಿದೆ. ರೀಮಿಕ್ಸ್‌ಗಳು ಬಹುತೇಕ ಡ್ರಮ್ ಮಷೀನಿನಿಂದಲೇ ಶುರುವಾಗುವುದರಿಂದ ಹಾನಿ ಎದ್ದು ಕೇಳುತ್ತದೆ.

ಗೀರುಗಳನ್ನು ಎರಡಾಗಿ ವಿಂಗಡಿಸಿ. ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ಕೂದಲೆಳೆಯಂಥವು ಕವರ್‌ನಿಂದ ಎಳೆದು ಸೇರಿಸಿದ್ದರಿಂದ ಆದವು, ಸದ್ದು ಮಾಡುವುದು ಕಡಿಮೆ. ಉಗುರಿನ ತುದಿಯನ್ನು ಮೆಲ್ಲಗೆ ಸರಿಸಿದಾಗ ತಡೆಯುವಂಥದ್ದು ಖಂಡಿತ 'ಟಕ್' ಎನ್ನುತ್ತದೆ. ಗೆರೆಗೆ ಅಡ್ಡ ಬಿದ್ದ ಗೀರಿಗಿಂತ ಗೆರೆಯ ಜೊತೆಜೊತೆಗೇ ಓರೆಯಾಗಿ ಸಾಗುವ ಗೀರು ಕೆಟ್ಟದ್ದು. ಮುಳ್ಳು ಜಾರುವುದೋ, ಅದೇ ಸುತ್ತಿನಲ್ಲಿ ಸಿಕ್ಕಿಕೊಳ್ಳುವುದೋ ಅಲ್ಲೇ. ಗೀರಿಲ್ಲದೆ ಫಳಫಳ ಹೊಳೆಯುವ ರೆಕಾರ್ಡೂ ಕೆಟ್ಟು ಕೇಳಬಹುದು, ಭಾರದ ಮುಳ್ಳಿನಲ್ಲಿ ನುಡಿಸಿದ್ದರೆ 'ಸ' ಅಕ್ಷರಗಳು, ಹೈ-ಹ್ಯಾಟ್ ಸದ್ದು ಚೂರುಚೂರಾಗಿರುತ್ತವೆ. ಕಣ್ಣಿಗೆ ಕಾಣದ ಈ ಸವೆತಕ್ಕಾಗಿ, ಸಾಧ್ಯವಿದ್ದರೆ ಬದಿಯ ಕೊನೆಯ ಒಂದು ನಿಮಿಷ ಕೇಳಿಯೇ ಕೊಳ್ಳಿ.

ಕೊನೆಯ ನಿಮಿಷವೇ ಏಕೆಂದರೆ, ಒಳಗೆ ಹೋದಷ್ಟೂ ಮುಳ್ಳಿನಡಿ ಗೆರೆ ಓಡುವ ವೇಗ ಕುಗ್ಗುತ್ತದೆ. ನಿಮಿಷಕ್ಕೆ 45 ಸುತ್ತಿನಲ್ಲಿ 12 ಇಂಚಿನ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 69 ಸೆಂ.ಮೀ. ಓಡುತ್ತದೆ, ಲೇಬಲ್ ಹತ್ತಿರ 28ಕ್ಕೆ ಇಳಿಯುತ್ತದೆ. 33 1/3 ಸುತ್ತಿನಲ್ಲಿ ಹೊರಗೆ 51, ಒಳಗೆ ಸುಮಾರು 21. ವೇಗ ಕಡಿಮೆಯಾದಂತೆ ಎತ್ತರದ ಸ್ವರಗಳ ಅಲೆಗಳು ಗೆರೆಯಲ್ಲಿ ಇರುಕಿಕೊಳ್ಳುತ್ತವೆ. ಎರಡು ಉದ್ದದ ಮಿಕ್ಸ್‌ಗಳನ್ನು ಒಂದೇ ಬದಿಗೆ ತುಂಬಿ 33ರಲ್ಲಿ ಕೊರೆದ ಸಿಂಗಲ್‌ಗಿಂತ, ಒಂದೇ ಮಿಕ್ಸನ್ನು 45ರಲ್ಲಿ ಅಗಲವಾಗಿ ಕೊರೆದದ್ದು ಗಟ್ಟಿಯಾಗಿ, ಸ್ವಚ್ಛವಾಗಿ ಕೇಳುವುದು ಇದರಿಂದಲೇ. ಎರಡರಲ್ಲೂ ನಿಮಗೆ ಬೇಕಾದ ಮಿಕ್ಸ್ ಇದ್ದರೆ 45ರದ್ದನ್ನೇ ಆರಿಸಿ.

ದರ್ಜೆಯ ಅಕ್ಷರಗಳಲ್ಲಿ ಗೊಂದಲ ಬೇಡ. ಅಮೆರಿಕದ ಗೋಲ್ಡ್‌ಮೈನ್ ಪದ್ಧತಿಯಲ್ಲಿ ಮಿಂಟ್, ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ ಎಂದು ಇಳಿಯುತ್ತದೆ. ಬ್ರಿಟನ್ನಿನ ಪದ್ಧತಿಯಲ್ಲಿ ಮಿಂಟ್ ನಂತರ ಎಕ್ಸಲೆಂಟ್. ಕೇಳಲು ಕೊಳ್ಳುವವರಿಗೆ ವಿಜಿ ಪ್ಲಸ್ ಸಾಕು. ಬರೀ ವಿಜಿ ಎಂದರೆ ಸದ್ದಿಲ್ಲದ ಜಾಗಗಳಲ್ಲಿ ಚಟಪಟ ಕೇಳುತ್ತದೆ ಎಂದೇ ತಿಳಿಯಿರಿ. ಲೇಬಲ್ ಮೇಲೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆ) ಬರೆದಿರುವುದು, ಡಿಜೆಯ ಸ್ಟಿಕ್ಕರ್, ಕವರ್‌ನ ಮೂಲೆ ಕತ್ತರಿಸಿರುವುದು ಇವು ಬೆಲೆ ಇಳಿಸುತ್ತವೆಯೇ ಹೊರತು ಧ್ವನಿಯನ್ನಲ್ಲ. ಕೇಳುಗರಿಗೆ ಇವೇ ಒಳ್ಳೆಯ ಅವಕಾಶ.

ಕವರ್‌ಗೂ ಒಂದು ಮಾತು. ನ್ಯೂ ಆರ್ಡರ್‌ನ 1983ರ 'ಬ್ಲೂ ಮಂಡೇ', ಫ್ಯಾಕ್ಟರಿ ಕಂಪನಿಯ ಎಫ್‌ಎಸಿ 73, ಪೀಟರ್ ಸ್ಯಾವಿಲ್ ವಿನ್ಯಾಸದಲ್ಲಿ ಫ್ಲಾಪಿ ಡಿಸ್ಕ್‌ನಂತೆ ರಂಧ್ರ ಕೊರೆದ ಕವರಿನಲ್ಲಿ ಬಂತು, ಒಳಗೆ ಬೆಳ್ಳಿ ಬಣ್ಣದ ಒಳಚೀಲ. ಮುಂದಿನ ಮುದ್ರಣಗಳಲ್ಲಿ ರಂಧ್ರವಿಲ್ಲ. ರಂಧ್ರದ ಅಂಚು ಬೇಗ ಹರಿಯುವುದರಿಂದ ಅದನ್ನು ಬೆರಳಲ್ಲಿ ಹಿಡಿದು ಎಳೆಯಬಾರದು.

ಡಿಜೆಗಳಿಗಷ್ಟೇ ಹೋದವು, ಮತ್ತು ನಕಲಿಗಳು

ಅಂಗಡಿಗೆ ಬಾರದೆ ಚಂದಾದಾರ ಡಿಜೆಗಳಿಗೆ ಮಾತ್ರ ಹೋದ ರೀಮಿಕ್ಸ್‌ಗಳ ಲೋಕವೇ ಬೇರೆ ಇದೆ: 1977ರಲ್ಲಿ ಶುರುವಾದ ಅಮೆರಿಕದ ಡಿಸ್ಕೋನೆಟ್, ಆಮೇಲಿನ ಹಾಟ್ ಟ್ರ್ಯಾಕ್ಸ್, ರೇಜರ್‌ಮೇಡ್, 1983ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಡಿಎಂಸಿ. ಹಲವು ಹಾಡುಗಳನ್ನು ಒಂದೇ ಡಿಸ್ಕಿಗೆ ತುಂಬುವುದರಿಂದ ಧ್ವನಿಯ ಮಟ್ಟ ತುಸು ಕಡಿಮೆ. ಆದರೆ ಬೇರೆಲ್ಲೂ ಸಿಗದ ಮಿಕ್ಸ್‌ಗಳು ಇಲ್ಲಿವೆ.

ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. ಬಿಳಿ ಲೇಬಲ್‌ನ ಪ್ರೋಮೋ (ಪ್ರಚಾರದ ಪ್ರತಿ) ಮತ್ತು ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆ ಅಚ್ಚು ಹಾಕಿದ ಪ್ರತಿ) ಎಂದು ಮಾರುವವುಗಳಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಬಿಳಿ ಕಾಗದ ಅಂಟಿಸುವುದಕ್ಕೆ ಕೌಶಲ ಬೇಡ. ಸಣ್ಣ ಅಕ್ಷರಗಳ ಅಂಚು ಮಸುಕಾಗಿ ಚುಕ್ಕಿಚುಕ್ಕಿಯಾಗಿ ಕಂಡರೆ ಲೇಬಲ್ ಸ್ಕ್ಯಾನ್ ಮಾಡಿದ್ದು. ರನ್‌ಔಟ್ ಪೂರ್ತಿ ಖಾಲಿ ಇದ್ದರೆ, ಅಥವಾ ಅದೇ ಬಿಡುಗಡೆಯ ಬೇರೆ ಪ್ರತಿಗಳಲ್ಲಿರುವ ಬರಹಕ್ಕೆ ಹೊಂದದಿದ್ದರೆ ಕೈಬಿಡಿ. ಹಾಡಿನ ನಡುವೆ ಹಳೆಯ ರೆಕಾರ್ಡಿನ ಚಟಪಟ ಕೇಳುತ್ತಿದ್ದು, ನಿಮ್ಮ ಕೈಲಿರುವ ಪ್ರತಿ ಹೊಸದರಂತೆ ಕಂಡರೆ, ಅದು ರೆಕಾರ್ಡಿನಿಂದ ರೆಕಾರ್ಡಿಗೆ ಇಳಿಸಿದ್ದು.

ಅಂಚೆಯಲ್ಲಿ ತರಿಸುವಾಗ ಮಾರುವವರಿಗೆ ಒಂದೇ ಸೂಚನೆ ಸಾಕು: ರೆಕಾರ್ಡನ್ನು ಒಳಚೀಲದ ಸಮೇತ ಹೊರ ಕವರಿನಿಂದ ತೆಗೆದು, ಕವರ್‌ನ ಹಿಂದೆ ಇಟ್ಟು, ಎರಡೂ ಬದಿಗೆ ಗಟ್ಟಿ ರಟ್ಟು ಹಾಕಿ ಕಟ್ಟಿರಿ. ಕವರ್ ಒಳಗೇ ಬಿಟ್ಟರೆ ದಾರಿಯ ಕುಲುಕಾಟಕ್ಕೆ ರೆಕಾರ್ಡಿನ ಅಂಚೇ ಕವರ್‌ನ ಹೊಲಿಗೆಯನ್ನು ಸೀಳುತ್ತದೆ.

ತೊಳೆಯುವುದು, ನುಡಿಸುವುದು

ಕೊಂಡ ಹಳೆಯ ರೆಕಾರ್ಡನ್ನು ತೊಳೆಯದೆ ನುಡಿಸಬೇಡಿ. ಗೆರೆಯಲ್ಲಿ ಕೂತ ಮರಳಿನಂಥ ಧೂಳನ್ನು ಮುಳ್ಳು ಗೋಡೆಗೆ ಒತ್ತಿ ಉಜ್ಜುತ್ತದೆ. ಒಂದು ಲೀಟರ್ ದ್ರಾವಣಕ್ಕೆ 900 ಮಿ.ಲೀ. ಡಿಸ್ಟಿಲ್ಡ್ ನೀರು, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೋ ಡೆವಲಪಿಂಗ್‌ಗೆ ಬಳಸುವ ವೆಟಿಂಗ್ ಏಜೆಂಟ್ ಸುಮಾರು 1 ಮಿ.ಲೀ. ನಲ್ಲಿ ನೀರು ಬೇಡ, ಅದರ ಲವಣ ಒಣಗಿ ಗೆರೆಯಲ್ಲೇ ಉಳಿಯುತ್ತದೆ. ಲೇಬಲ್ ಒದ್ದೆಯಾಗದಂತೆ ದ್ರಾವಣ ಹರಡಿ, ಎರಡು ನಿಮಿಷ ನೆನೆಯಲು ಬಿಟ್ಟು, ಮೃದು ಕುಂಚದಿಂದ ಗೆರೆ ಹೋಗುವ ದಿಕ್ಕಿನಲ್ಲೇ ಐದಾರು ಸುತ್ತು, ಆಮೇಲೆ ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಸುತ್ತು ಉಜ್ಜಿ. ಕೊಳೆ ಸಡಿಲವಾಗಿರುವಾಗಲೇ, ದ್ರಾವಣ ಒಣಗುವ ಮುನ್ನ, ಬರೀ ಡಿಸ್ಟಿಲ್ಡ್ ನೀರಿನಿಂದ ತೊಳೆಯಿರಿ. ಈ ಕೊನೆಯ ತೊಳೆತವನ್ನು ಬಿಟ್ಟವರಿಗೇ ಮುಳ್ಳಿನ ತುದಿಗೆ ಬಿಳಿ ಅಂಟು ಕೂರುವುದು. ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಆರಲು ಬಿಡಿ.

12 ಇಂಚಿನ ಸಿಂಗಲ್‌ಗಳನ್ನು ಗಟ್ಟಿ ಮಟ್ಟದಲ್ಲಿ ಕೊರೆದಿರುತ್ತಾರೆ. ಮುಳ್ಳು ಕೂರುವ ಕಾರ್ಟ್ರಿಡ್ಜ್‌ನ ತಯಾರಕರು ಮುಳ್ಳಿನ ಭಾರ 1.5ರಿಂದ 2 ಗ್ರಾಂ ಎಂದು ಹೇಳಿದ್ದರೆ 1.8ರ ಮೇಲೇ ಇಡಿ. ಹಗುರ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ: ಕಿಕ್ ಡ್ರಮ್‌ನ ಜಾಗದಲ್ಲಿ ಮುಳ್ಳು ಗೋಡೆಯ ಸಂಪರ್ಕ ಬಿಟ್ಟು ಮತ್ತೆ ಬಡಿಯುವುದೇ ಹೆಚ್ಚು ಹಾನಿ. ಎಲಿಪ್ಟಿಕಲ್ ಅಥವಾ ಶಿಬಾಟಾ ಆಕಾರದ ತುದಿ ಉಪಯುಕ್ತ. ಹಳೆಯ ದುಂಡು ಮುಳ್ಳು ಸವೆಸದೆ ಬಿಟ್ಟ ಗೋಡೆಯ ಭಾಗವನ್ನು ಅದು ಮುಟ್ಟುವುದರಿಂದ, ಕೆಟ್ಟಿದೆ ಎಂದುಕೊಂಡ ಪ್ರತಿಯೂ ಕೆಲವೊಮ್ಮೆ ಚೆನ್ನಾಗಿ ಕೇಳುತ್ತದೆ. ವೇಗವನ್ನು ಲೇಬಲ್ ನೋಡಿಯೇ ನಿರ್ಧರಿಸಿ, ಲೇಬಲ್‌ನಲ್ಲಿ ಇಲ್ಲದಿದ್ದರೆ ಕೇಳಿ ನೋಡಿ. ಆದರೆ ಹಾಡುವ ದನಿ ಇಲ್ಲದ ಡಬ್ ಮಿಕ್ಸ್ ತಪ್ಪು ವೇಗದಲ್ಲೂ ಸರಿಯಾಗಿಯೇ ಇದೆ ಎನ್ನಿಸಬಹುದು.

ಇಡುವುದು

ಹೊರಗಿನ ಪಾರದರ್ಶಕ ಚೀಲ ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್‌ನದಾಗಿರಲಿ. ಮೆತ್ತಗೆ, ದಪ್ಪವಾಗಿ, ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಚೀಲದಿಂದ ಹೊರಬರುವ ರಾಸಾಯನಿಕ ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಕೂತು ಮಂಜಿನಂಥ ಕಲೆ ಮಾಡುತ್ತದೆ, ಅದು ತೊಳೆದರೂ ಹೋಗದಿರಬಹುದು. ಒಳಚೀಲ ಕಾಗದದ್ದಾದರೆ ಮೂಲದ್ದನ್ನು ಕವರ್‌ನಲ್ಲೇ ಉಳಿಸಿ, ರೆಕಾರ್ಡನ್ನು ಹೊಸ ಎಚ್‌ಡಿಪಿಇ (ಒಂದು ಬಗೆಯ ಪಾಲಿಥಿಲೀನ್) ಒಳಚೀಲಕ್ಕೆ ಹಾಕಿ. ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ. ಓರೆಯಾಗಿ ವಾಲಿದರೆ ಸೊಟ್ಟಗಾಗುತ್ತದೆ. 100 ಸಿಂಗಲ್‌ಗಳು ಕವರ್ ಸಮೇತ ಸುಮಾರು 20 ಕಿಲೋ ತೂಗುತ್ತವೆ, ಕಪಾಟಿನ ಹಲಗೆ ಅದನ್ನು ತಡೆಯಬೇಕು.

ಎಲ್‌ಪಿಗಿರುವಂತೆ ಅನೇಕ ಸಿಂಗಲ್ ಕವರ್‌ಗಳಿಗೆ ಬೆನ್ನಿನ ಬರಹ ಇಲ್ಲ, ಹಾಗಾಗಿ ಪ್ರತಿ ತಂಡಕ್ಕೂ ಎತ್ತರದ ವಿಭಾಜಕ ಹಲಗೆ ಹಾಕಿ. ಜೊತೆಗೆ ಒಂದು ಪಟ್ಟಿ ಇಟ್ಟುಕೊಳ್ಳಿ: ಕ್ಯಾಟಲಾಗ್ ಸಂಖ್ಯೆ, ಎರಡೂ ಬದಿಯ ರನ್‌ಔಟ್ ಬರಹ ಅಕ್ಷರಶಃ, ಸುತ್ತಿನ ವೇಗ, ಮಿಕ್ಸ್‌ನ ಹೆಸರು, ನೀವೇ ಗಡಿಯಾರ ಹಿಡಿದು ಅಳೆದ ಅವಧಿ. ಲೇಬಲ್‌ನಲ್ಲಿ ಅಚ್ಚಾದ ಅವಧಿಯನ್ನು ನಂಬಿ ಬರೆಯಬೇಡಿ. ಅಳತೆ ಅದಕ್ಕಿಂತ ಹತ್ತಾರು ಸೆಕೆಂಡು ಬೇರೆ ಬಂದರೆ ಮೊದಲು ಟರ್ನ್‌ಟೇಬಲ್‌ನ ವೇಗ ಪರೀಕ್ಷಿಸಿ. ವೇಗ ಸರಿಯಿದ್ದರೆ ರನ್‌ಔಟನ್ನು ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ, ಲೇಬಲ್ ಹೇಳದ ಮಿಕ್ಸ್ ನಿಮ್ಮ ಕೈಲಿರಬಹುದು.