ಅರ್ಧಕ್ಕೆ ಬಿಡಬಹುದಾದ ಕಸೂತಿ

ಮಗ ಹುಟ್ಟುವ ಮೊದಲು ನಾನು ಕಸೂತಿ ಹಾಕಲು ಕುಳಿತರೆ ಎರಡು ತಾಸು ಮೇಲೇಳುತ್ತಿರಲಿಲ್ಲ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು, ಬಟ್ಟೆಯ ಎಳೆಗಳನ್ನು ಎಣಿಸುತ್ತ, ಬಾಗಿಲು ಬಡಿದವರಿಗೂ ಎಣಿಕೆ ಮುಗಿದ ಮೇಲೆಯೇ ಉತ್ತರ ಕೊಡುತ್ತಿದ್ದೆ. ಈಗ ಮಗನಿಗೆ ಐದು ವರ್ಷ, ಮಗಳಿಗೆ ಎರಡು. ಈ ಐದು ವರ್ಷಗಳಲ್ಲಿ ನಾನು ಒಂದೇ ಸಮನೆ ಎರಡು ತಾಸು ಸೂಜಿ ಹಿಡಿದ ದಿನಗಳನ್ನು ಕೈಬೆರಳುಗಳಲ್ಲಿ ಎಣಿಸಬಹುದು. ಆದರೂ ಎರಡು ಇಳಕಲ್ ಸೀರೆಗಳ ಸೆರಗು ಮತ್ತು ಹಲವು ಕುಪ್ಪಸದ ಖಣಗಳು ಈ ಅವಧಿಯಲ್ಲೇ ಮುಗಿದಿವೆ. ಮಕ್ಕಳ ನಡುವೆ ಸಮಯ ಹೇಗೆ ಸಿಗುತ್ತದೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಸಮಯ ಸಿಗುವುದಿಲ್ಲ. ನಾನು ಬದಲಿಸಿಕೊಂಡದ್ದು ಕೆಲಸವನ್ನು ಕೆಳಗಿಡುವ ರೀತಿಯನ್ನು.

ಕಸೂತಿಯನ್ನು ಬಲ್ಲವರಿಗೆ ಇದರ ಕಷ್ಟ ತಕ್ಷಣ ತಿಳಿಯುತ್ತದೆ. ಇದರಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆ ಎಣಿಸಿಯೇ ಆಕೃತಿ ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೇ ದಾರಿಯಲ್ಲಿ ಎರಡು ಸಲ ನಡೆಯುತ್ತದೆ. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸಾಗಿ, ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಮರಳುತ್ತದೆ. ಹಾಗಾಗಿಯೇ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಮೆಟ್ಟಿಲಿನಂತೆ ಏರಿಳಿಯುವ ಮುರಗಿ ಹೊಲಿಗೆಯಲ್ಲೂ ಹೀಗೆಯೇ. ನೇಯ್ಗಿ ಮತ್ತು ಮೆಂತೆ ಎಂಬ ಉಳಿದೆರಡು ಹೊಲಿಗೆಗಳಲ್ಲಿ ಹಿಂಬದಿಗೆ ಈ ಕಟ್ಟುಪಾಡಿಲ್ಲ. ಗವಂತಿಯಲ್ಲಿ ಹೋಗುವ ಸುತ್ತಿನ ತಪ್ಪು ಹೋಗುವಾಗ ತಿಳಿಯುವುದಿಲ್ಲ. ಮರಳಿ ಬಂದು ಗೆರೆಗೆ ಗೆರೆ ಕೂಡದೆ ನಿಂತಾಗಷ್ಟೇ ಬಯಲಾಗುತ್ತದೆ.

ಮಗ ಎಂಟು ತಿಂಗಳಿನವನಿದ್ದಾಗ ಒಂದು ಚಂದ್ರಕಾಳಿ ಸೀರೆಯ ಕೆಲಸ ಒಪ್ಪಿಕೊಂಡಿದ್ದೆ. ನಮ್ಮ ಕಡೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಈ ಕಪ್ಪು ರೇಷ್ಮೆ ಸೀರೆಯೂ ಒಂದಾಗಿರಬೇಕೆಂಬ ಸಂಪ್ರದಾಯವಿತ್ತು, ಮತ್ತು ಆ ಮನೆಯವರು ಅದನ್ನು ಬಿಡಲು ಸಿದ್ಧರಿರಲಿಲ್ಲ. ಸೆರಗಿನ ಬಳಿ ಗೋಪುರದ ಸಾಲು. ಮೂರನೆಯ ಗೋಪುರದ ಹೋಗುವ ಸುತ್ತಿನ ನಟ್ಟನಡುವೆ ಮಗು ಎದ್ದು ಅತ್ತಿತು. ಸೂಜಿಯನ್ನು ಬಟ್ಟೆಗೇ ಚುಚ್ಚಿ ಎದ್ದೆ, ಹಾಲು ಕುಡಿಸಿ, ಮಲಗಿಸಿ ಮರಳಿದಾಗ ಮುಕ್ಕಾಲು ತಾಸು ಕಳೆದಿತ್ತು. ಮುಂದುವರಿಸುವಾಗ ಒಂದು ಕಡೆ ನಾಲ್ಕರ ಬದಲು ಐದು ಎಳೆ ಹಿಡಿದದ್ದು ನನ್ನ ಗಮನಕ್ಕೆ ಬರಲಿಲ್ಲ. ಆ ತಪ್ಪಿನ ಎಳೆಯನ್ನೇ ಆಧಾರವಾಗಿಟ್ಟುಕೊಂಡು ಇನ್ನೆರಡು ಗೋಪುರಗಳು ಎದ್ದವು, ಕೊನೆಗೆ ಅಂಚಿನ ಗೆರೆಗೆ ಸೇರಿಸಲು ಹೋದಾಗ ಒಂದು ಎಳೆ ಉಳಿಯಿತು. ಮೂರು ಸಂಜೆಯ ಕೆಲಸವನ್ನು ಬಿಚ್ಚಿದೆ. ಬಿಚ್ಚಿದ ದಾರ ಜುಂಗುಜುಂಗಾಗಿ ಮತ್ತೆ ಬಳಕೆಗೆ ಬರುವುದಿಲ್ಲ ಎಂಬುದು ಬೇರೆ ಮಾತು. ಆ ರಾತ್ರಿ ನನಗೆ ಮಗುವಿನ ಮೇಲೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಟ್ಟರೆ ಈ ಅನುಭವವನ್ನು ಬರೆಯುವುದರಲ್ಲಿ ಅರ್ಥವಿಲ್ಲ.

ಅದಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಹೋಗುವ ಸುತ್ತನ್ನು ಎಂದೂ ಉದ್ದವಾಗಿ ಬಿಡುವುದಿಲ್ಲ. ಹೆಚ್ಚೆಂದರೆ ಹತ್ತು ಹನ್ನೆರಡು ಹೊಲಿಗೆ ಸಾಗಿ, ಅಲ್ಲಿಂದಲೇ ಮರಳಿ ತುಂಬಿಕೊಂಡು ಬಂದು, ಆ ತುಂಡನ್ನು ಮುಗಿಸಿಯೇ ಮುಂದಿನದಕ್ಕೆ ಕೈಹಾಕುತ್ತೇನೆ. ಇದರಿಂದ ದಾರ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ತುದಿಗಳನ್ನು ಹೊಲಿಗೆಯ ಒಳಗೇ ನುಸುಳಿಸಿ ಮರೆಮಾಡುವ ಕೆಲಸವೂ ಹೆಚ್ಚುತ್ತದೆ, ಹಳಬರು ನೋಡಿದರೆ ಇದು ಸೋಮಾರಿಯ ಪದ್ಧತಿ ಎಂದಾರು. ಆದರೆ ಅಳು ಕೇಳಿದಾಗ ನನ್ನ ಕೈಯಲ್ಲಿ ಅರ್ಧವಾಗಿರುವುದು ಹತ್ತು ಹೊಲಿಗೆ ಮಾತ್ರ. ಅದನ್ನೂ ಮುಗಿಸಲಾಗದಿದ್ದರೆ, ನಿಂತ ಜಾಗದಲ್ಲಿ ಗುರುತಿಗಾಗಿ ಬೇರೆ ಬಣ್ಣದ ಟಾಕಿ ದಾರವನ್ನು, ಅಂದರೆ ಆಮೇಲೆ ಬಿಚ್ಚಿಬಿಡುವ ದಾರವನ್ನು, ಒಂದು ಸುತ್ತು ಹಾಕಿ, ಮಗನ ಹಳೆಯ ಚೌಕಳಿ ಗಣಿತದ ಪುಸ್ತಕದಲ್ಲಿ ಆ ಚೌಕಕ್ಕೆ ಒಂದು ಚುಕ್ಕೆ ಇಡುತ್ತೇನೆ. ಆಕೃತಿಗಳನ್ನು ಮೊದಲೇ ಆ ಚೌಕಗಳಲ್ಲಿ ಬರೆದುಕೊಂಡಿರುವುದರಿಂದ ಮರುದಿನ ಎಲ್ಲಿಂದ ಎಂದು ಹುಡುಕುವ ಪ್ರಮೇಯವಿಲ್ಲ.

ಯಾವ ಆಕೃತಿಯನ್ನು ಯಾವಾಗ ಹಾಕಬೇಕು ಎಂಬುದನ್ನೂ ಸೀರೆಯೇ ತಿಳಿಸಿಕೊಟ್ಟಿತು. ಕಸೂತಿ ಸೀರೆಯಲ್ಲಿ ಸೆರಗಿನ ಬಳಿ ಗೋಪುರ, ತೇರು, ಅಂಬಾರಿಯ ಆನೆಯಂಥ ದೊಡ್ಡ ಆಕೃತಿಗಳು ಬರುತ್ತವೆ, ಒಡಲಿನ ಕಡೆಗೆ ಹೋದಂತೆ ಅವು ಚಿಕ್ಕದಾಗುತ್ತ, ಚದುರುತ್ತ, ಚುಕ್ಕೆ ಮತ್ತು ಮೊಗ್ಗುಗಳಾಗಿ ಮುಗಿಯುತ್ತವೆ. ಮಕ್ಕಳು ಎಚ್ಚರವಿರುವಾಗ ನಾನು ಒಡಲಿನ ಚಿಕ್ಕ ಮೊಗ್ಗುಗಳನ್ನಷ್ಟೇ ಹಾಕುತ್ತೇನೆ, ಒಂದೊಂದೂ ಏಳೆಂಟು ನಿಮಿಷದ ಕೆಲಸ. ತೇರು, ಆನೆ ಇತ್ಯಾದಿಗಳು ಮಕ್ಕಳು ಮಲಗಿದ ಮೇಲೆ. ಆದರೆ ಕಪ್ಪು ಬಟ್ಟೆ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಏಕೆಂದರೆ ಎಷ್ಟೇ ಪ್ರಖರವಾದ ಬಲ್ಬಿನಡಿಯಲ್ಲೂ ಕಪ್ಪಿನ ಎಳೆ ನನ್ನ ಕಣ್ಣಿಗೆ ದಕ್ಕುವುದಿಲ್ಲ. ಆಗ ಮಗಳು ಮಧ್ಯಾಹ್ನ ಮಲಗುವ ಒಂದು ತಾಸು ಆನೆಗೆ ಮೀಸಲು, ರಾತ್ರಿ ತಿಳಿಬಣ್ಣದ ಖಣಗಳಿಗೆ. ತೊಡೆಯ ಮೇಲೆ ಬಿಳಿಯ ಪಂಜೆಯೊಂದನ್ನು ಹಾಸಿ ಅದರ ಮೇಲೆ ಕಪ್ಪು ಬಟ್ಟೆಯನ್ನಿಟ್ಟರೆ ಎಳೆಗಳ ನಡುವಿನ ಸಂದುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಇಷ್ಟು ಸರಳವಾದ ಉಪಾಯವನ್ನು ನನಗೆ ಯಾರಾದರೂ ಹತ್ತು ವರ್ಷ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಸೂಜಿಯ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಒಂದು ರಾತ್ರಿ ಡಬ್ಬಿಯಲ್ಲಿ ಆರು ಸೂಜಿಗಳಿರಬೇಕಾದಲ್ಲಿ ಐದಿದ್ದವು. ಮಗಳು ಆಗಷ್ಟೇ ಅಂಬೆಗಾಲಿಡಲು ಕಲಿತು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದ ಕಾಲ. ಚಾಪೆ ಕೊಡವಿದೆವು, ಕಸಬರಿಗೆಯಿಂದ ಮೂಲೆಮೂಲೆ ಗುಡಿಸಿದೆವು, ಕೊನೆಗೆ ಮನೆಯವರು ಕೆಟ್ಟ ಸ್ಪೀಕರೊಂದನ್ನು ಬಿಚ್ಚಿ ಅದರ ಅಯಸ್ಕಾಂತವನ್ನು ತಂದು ಹಾಸಿಗೆಯ ಮೇಲೆಲ್ಲ ಆಡಿಸಿದರು. ಮಕ್ಕಳು ಹೊದ್ದು ಮಲಗುವ ಕೌದಿಯ ಮಡಿಕೆಯೊಳಗಿಂದ ಸೂಜಿ ಟಕ್ಕೆಂದು ಬಂದು ಅಂಟಿತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಬಟ್ಟೆಗೆ ಸೂಜಿ ಚುಚ್ಚಿಟ್ಟು ಏಳುವುದನ್ನು ನಿಲ್ಲಿಸಿದೆ. ಅಳು ಎಷ್ಟೇ ಜೋರಾಗಿದ್ದರೂ ಸೂಜಿ ಮೊದಲು ಡಬ್ಬಿಗೆ ಸೇರಬೇಕು, ಡಬ್ಬಿ ಅಟ್ಟದ ಮೇಲೇರಬೇಕು. ಅತ್ತೆಯವರು ಈಗಲೂ ರಾತ್ರಿ ದೀಪ ಆರಿಸುವ ಮೊದಲು, “ಸೂಜಿ ಎಣಿಸಿ ಇಟ್ಟೀಯೇನವಾ?” ಎಂದು ಕೇಳುತ್ತಾರೆ. ನಾನು “ಆರೂ ಅದಾವ್ರೀ ಅತ್ತಿ” ಎಂದ ಮೇಲೆಯೇ ಮಲಗುತ್ತಾರೆ.

ಇನ್ನೊಂದು ನಷ್ಟ ಜೊಲ್ಲಿನಿಂದಾದದ್ದು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆನೆಬಣ್ಣದ ಖಣವೊಂದರ ಅಂಚನ್ನು ಪರೀಕ್ಷಿಸುತ್ತಿದ್ದಾಗ, ಅವಳ ಜೊಲ್ಲು ಕುಂಕುಮಗೆಂಪಿನ ಕಮಲದ ಮೇಲೆ ಬಿದ್ದು ಬಣ್ಣ ಸುತ್ತಲೂ ಹರಡಿತು. ತಪ್ಪು ಮಗುವಿನದ್ದಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಬಣ್ಣ ನಿಲ್ಲದ ದಾರವನ್ನು ಕೊಂಡ ನನ್ನದು. ಈಗ ಹೊಸ ದಾರದ ಪ್ರತಿ ಲಡಿಯಿಂದಲೂ ಒಂದು ಗೇಣು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ, ಬಿಳಿಯ ಕರವಸ್ತ್ರದೊಳಗೆ ಒತ್ತಿ ನೋಡುತ್ತೇನೆ. ಕಲೆ ಬಿದ್ದರೆ ಆ ಲಡಿ ಮಕ್ಕಳ ಆಟಕ್ಕೆ.

ಹಣದ ಮಾತನ್ನೂ ಹೇಳಬೇಕು. ಬಿಡಿಬಿಡಿಯಾಗಿ ದುಡಿಯುವವರಿಗೆ ತಾವು ಎಷ್ಟು ದುಡಿದೆವೆಂಬುದೇ ತಿಳಿಯುವುದಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ ಎಂದು ಸೇರಿದ್ದು ನೆನಪಿನಲ್ಲಿ ಉಳಿಯುವುದಿಲ್ಲವಾದ್ದರಿಂದ ನಾನು ಬಹಳ ಕಾಲ ಅಂದಾಜಿನ ಮೇಲೆ ಬೆಲೆ ಹೇಳಿ ಕೈಸುಟ್ಟುಕೊಂಡೆ. ಚೌಕಳಿ ಪುಸ್ತಕದ ಅಂಚಿನಲ್ಲಿ ಪ್ರತಿ ಸಲ ಕುಳಿತ ನಿಮಿಷಗಳನ್ನು ಬರೆಯತೊಡಗಿದಾಗ, ಹದಿನೈದು ತಾಸಿನ ಕೆಲಸವೆಂದು ನಾನು ತಿಳಿದಿದ್ದ ಕುಪ್ಪಸದ ಖಣ ನಿಜವಾಗಿ 26 ತಾಸು ತೆಗೆದುಕೊಂಡಿತ್ತು. ಈಗ ಬೆಲೆ ಆ ಲೆಕ್ಕದಿಂದಲೇ ಹುಟ್ಟುತ್ತದೆ. ಯಂತ್ರದಲ್ಲಿ ಹಾಕಿದ್ದು ಇದರ ಕಾಲುಭಾಗಕ್ಕೆ ಸಿಗುತ್ತದಲ್ಲ ಎನ್ನುವವರಿಗೆ ನಾನು ಬಟ್ಟೆಯನ್ನು ಮಗುಚಿ ಹಿಂಬದಿ ತೋರಿಸುತ್ತೇನೆ, ಕೆಲವರು ಅರ್ಥಮಾಡಿಕೊಳ್ಳುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಮದುವೆಯ ಗಡುವಿರುವ ಇಡೀ ಸೀರೆಗಳನ್ನು ಮಾತ್ರ ಮಗಳು ಶಾಲೆಗೆ ಹೋಗುವವರೆಗೆ ಒಪ್ಪಿಕೊಳ್ಳುವುದಿಲ್ಲ. ಮಗುವಿಗೆ ಜ್ವರ ಬಂದ ವಾರದಲ್ಲಿ ಗಡುವಿನ ಫೋನು ಎತ್ತುವುದು ಹೇಗಿರುತ್ತದೆ ಎಂಬುದನ್ನು ಒಂದು ಸಲ ಕಂಡದ್ದು ಸಾಕು.

ಮಗನಿಗೆ ಗೋಣಿಚೀಲದ ಒಂದು ತುಂಡು, ಪ್ಲಾಸ್ಟಿಕ್ಕಿನ ಮೊಂಡು ಸೂಜಿ ಮತ್ತು ಬಣ್ಣ ಬಿಡುವ ಆ ಲಡಿಗಳನ್ನು ಕೊಟ್ಟಿದ್ದೇನೆ. ಗೋಣಿಯ ಎಳೆಗಳು ದಪ್ಪವಾದ್ದರಿಂದ ಅವನ ಬೆರಳಿಗೂ ಎಣಿಕೆಗೂ ಸಿಗುತ್ತವೆ. ಹೋಗುವ ಸುತ್ತು ಅವನಿಗೆ ಬಂದಿದೆ, ಬರುವ ಸುತ್ತಿನ ತಾಳ್ಮೆ ಇಲ್ಲ. ಅವನ ಪ್ರಕಾರ ಬಿಟ್ಟ ಜಾಗಗಳು ಆನೆ ಉಸಿರಾಡಲು ಬೇಕಾದ ಕಿಟಕಿಗಳು.

ಸದ್ಯ ನನ್ನ ತೊಡೆಯ ಮೇಲಿರುವುದು ನನಗಾಗಿಯೇ ಹಾಕಿಕೊಳ್ಳುತ್ತಿರುವ, ಯಾವ ಗಡುವೂ ಇಲ್ಲದ ಹಸಿರು ಇಳಕಲ್. ನಿನ್ನೆ ರಾತ್ರಿ ತುಳಸಿಕಟ್ಟೆಯ ಎಡಬದಿ ಮುಗಿದು, ಬಲಬದಿಯ ಮೂರನೆಯ ಮೆಟ್ಟಿಲಿಗೆ ಬಂದಾಗ ಮಗಳು ಎದ್ದಳು. ಮೆಟ್ಟಿಲಿನ ತುದಿಯಲ್ಲಿ ಬಿಳಿಯ ಟಾಕಿ ಇದೆ, ಪುಸ್ತಕದಲ್ಲಿ ಚುಕ್ಕೆ ಇದೆ, ಡಬ್ಬಿಯಲ್ಲಿ ಆರು ಸೂಜಿಗಳಿವೆ.